ನನ್ನ ಹೆಸರಿನ ಕೊನೆಯ ಅಕ್ಷರ

ಮದಾಮ್ ವೆರ್ನೇ ತೀರಿಕೊಂಡಾಗಿನಿಂದ ನನ್ನ ಮನೆ ಬಾಗಿಲಿಗೆ ಪುರುಸೊತ್ತಿಲ್ಲ. ಪ್ಯಾರಿಸ್ಸಿನಿಂದ ಬರುತ್ತಾರೆ, ಲಿಯೋನಿನಿಂದ ಬರುತ್ತಾರೆ, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ನನ್ನ ಮೇಜಿನ ಮೇಲೆ ಟೇಪ್ ರೆಕಾರ್ಡರು ಇಟ್ಟು ಕೂರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ಅವರ ಸಿನಿಮಾಗಳಲ್ಲಿ ಮಾತು ಮುಗಿದ ಮೇಲೂ ದೃಶ್ಯ ಯಾಕೆ ಮುಗಿಯುವುದಿಲ್ಲ? ಪಾತ್ರಗಳು ಸುಮ್ಮನೆ ಲೋಟ ತೊಳೆಯುತ್ತಾ, ಕೋಟಿನ ಗುಂಡಿ ಹಾಕುತ್ತಾ ಯಾಕೆ ಉಳಿದುಬಿಡುತ್ತವೆ? ಒಬ್ಬ ಮಹಾಶಯ ಇದರ ಮೇಲೆ ದಪ್ಪ ಪುಸ್ತಕವನ್ನೇ ಬರೆದಿದ್ದಾನೆ. ಕಾಲ ಅಂತೆ, ಮೌನ ಅಂತೆ, ಅಸ್ತಿತ್ವ ಅಂತೆ. ಓದಲು ಕೂತೆ. ಮುನ್ನುಡಿ ದಾಟುವುದರೊಳಗೆ ಗೊರಕೆ ಹೊಡೆಯುತ್ತಿದ್ದೆ.

ಅಸ್ತಿತ್ವವೂ ಇಲ್ಲ, ಮಣ್ಣೂ ಇಲ್ಲ. ಕಾದಂಬರಿ ಹೇಳಿ ಬರೆಸುತ್ತಿದ್ದ ಹೆಂಗಸು ಸಿನಿಮಾ ಮಾಡಲು ಹೋಗಿ, 'ಕಟ್' ಅನ್ನಬೇಕಾದ ಕಡೆ ಬೇರೆ ಒಂದು ಮಾತು ಅಂದರು. ಕ್ಯಾಮೆರಾದವರು ಅದನ್ನು ತಪ್ಪು ತಿಳಿದರು. ಆ ತಪ್ಪಿನಿಂದ ಅವರಿಗೆ ಒಂದು ಶೈಲಿ ಸಿಕ್ಕಿತು, ನನಗೆ ನನ್ನ ಅಮ್ಮ ಸಿಕ್ಕಳು. ಇದನ್ನು ಹೇಳಿದರೆ ಮಫ್ಲರಿನವರ ಮುಖ ಸಪ್ಪಗಾಗುತ್ತದೆ. ಅದಕ್ಕೇ ಅವರಿಗೆ ಕಾಫಿ ಕುಡಿಸಿ ಕಳಿಸಿಬಿಡುತ್ತೇನೆ, ನಿಮಗೆ ಹೇಳುತ್ತೇನೆ.

ನನ್ನ ಹೆಸರು ರೇಮೋಂದ್. ಕೊನೆಯ 'ದ್' ಸ್ಪಷ್ಟವಾಗಿ ಬರಲಿ. ಅದನ್ನು ನುಂಗಿದರೆ ನಾನು ಗಂಡಸಾಗಿಬಿಡುತ್ತೇನೆ. ರೇಮೋಂ ಅಂದರೆ ನಮ್ಮಲ್ಲಿ ಹುಡುಗರ ಹೆಸರು. ಹುಟ್ಟಿದ್ದು ನಮ್ಮ ದೇಶದ ಪಶ್ಚಿಮ ತುದಿಯ ಬ್ರಿಟನಿ ಸೀಮೆಯಲ್ಲಿ, ಪೋರ್-ಮೆನೆಕ್ ಎಂಬ ಬಂದರಿನಲ್ಲಿ. ಗಂಡಸರು ದೋಣಿಯಲ್ಲಿ ಬೂತಾಯಿ ಮೀನು ಹಿಡಿದು ತರುವುದು, ಹೆಂಗಸರು ಕಾರ್ಖಾನೆಯಲ್ಲಿ ಅದರ ತಲೆ ತೆಗೆದು ಎಣ್ಣೆಯ ಡಬ್ಬಿಗೆ ತುಂಬುವುದು, ಊರಿನ ಕತೆ ಇಷ್ಟೇ. ನನಗೆ ಮೀನಿನ ವಾಸನೆ ಆಗಿಬರುತ್ತಿರಲಿಲ್ಲ. ಟೈಪಿಂಗ್ ಕಲಿತು ಪ್ಯಾರಿಸ್ಸಿಗೆ ಹೋದೆ, ಮದಾಮ್ ವೆರ್ನೇ ಅವರ ಮನೆಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿಕೊಂಡೆ. ಆಗಲೇ ಅವರು ದೊಡ್ಡ ಹೆಸರಿನ ಕಾದಂಬರಿಕಾರ್ತಿ.

ಅವರು ಕೈಯಲ್ಲಿ ಪೆನ್ನು ಹಿಡಿದವರಲ್ಲ. ಸಿಗರೇಟು ಹಿಡಿದು ಕೋಣೆಯ ತುಂಬ ಓಡಾಡುತ್ತಾ ಹೇಳುವರು, ನಾನು ಟೈಪು ಮಾಡುವೆ. ಶಾಲೆಯ ಉಕ್ತಲೇಖನದ ಹಾಗೆ ವಿರಾಮ ಚಿಹ್ನೆಗಳನ್ನೂ ಬಾಯಲ್ಲೇ ಹೇಳುವರು. ಪೂರ್ಣವಿರಾಮಕ್ಕೆ ನಮ್ಮಲ್ಲಿ 'ಪ್ವಾಂ' ಅನ್ನುತ್ತೇವೆ. ನಮ್ಮ ಕಾಲದಲ್ಲಿ ಸನ್ಯಾಸಿನಿಯರ ಶಾಲೆಯಲ್ಲಿ ಕಲಿತ ಯಾರನ್ನಾದರೂ ಕೇಳಿ: ಪ್ವಾಂ ಅಂದರೆ ಮುಗಿಯಿತು, ಪೆನ್ನು ಕೆಳಗಿಡು, ಈಗ ಉಸಿರಾಡು. ಪೆನ್ನು ಕೆಳಗಿಡದಿದ್ದರೆ ಗೆಣ್ಣಿನ ಮೇಲೆ ರೂಲುದೊಣ್ಣೆಯ ಏಟು ಬೀಳುತ್ತಿತ್ತು. ಹಾಗಾಗಿ ಮದಾಮ್ ಬಾಯಲ್ಲಿ ಪ್ವಾಂ ಬಂದರೆ ನನ್ನ ಬೆರಳು ತಾನಾಗಿ ನಿಲ್ಲುತ್ತಿತ್ತು. ಆ ಮನೆಯಲ್ಲಿ ನಾವಿಬ್ಬರೂ ಆ ಒಂದು ಪದದ ಮೇಲೆ ಬದುಕುತ್ತಿದ್ದೆವು ಅಂದರೆ ಹೆಚ್ಚಲ್ಲ.

ಒಂದು ದಿನ ಅವರು ಹೇಳುತ್ತಿದ್ದರು: "ಆಕೆ ಬಾಗಿಲ ಕಡೆ ನೋಡಿದಳು. ಪ್ವಾಂ. ಅಲ್ಲ, ಹೊಡೆದು ಹಾಕಿ. ಆಕೆ, ಯಾರೋ ಬಂದರೇನೋ ಎಂಬಂತೆ... ಥೂ, ಅದನ್ನೂ ಹೊಡೆದು ಹಾಕಿ."

ಮಧ್ಯಾಹ್ನವಾದರೂ ಆ ಹೆಂಗಸು ಬಾಗಿಲ ಕಡೆ ನೋಡಲಿಲ್ಲ. ಅಷ್ಟರಲ್ಲಿ ಅಂಚೆಯವನು ಕರೆಗಂಟೆ ಒತ್ತಿದ. ನಾನು ಥಟ್ಟನೆ ತಿರುಗಿದೆ.

"ಹಾಗೇ ಇರಿ! ಅಲ್ಲಾಡಬೇಡಿ!" ಮದಾಮ್ ಕೂಗಿಕೊಂಡರು. "ಬೆಳಗ್ಗಿಂದ ಒದ್ದಾಡ್ತಾ ಇದೀನಿ ನಾನು. ನಿಮ್ಮ ಕತ್ತು ಒಂದೇ ಕ್ಷಣದಲ್ಲಿ ಹೇಳಿಬಿಡ್ತಲ್ಲ!"

"ಕತ್ತು ನೋಯ್ತಿದೆ ಮದಾಮ್. ತಿರುಗಿಸ್ಲಾ?"

"ರೇಮೋಂದ್, ನಾನು ಸಿನಿಮಾ ಮಾಡ್ತೀನಿ."

"ಮೊದ್ಲು ಊಟ ಮಾಡಿ," ಅಂದೆ.

ಹಸಿವಿಗೆ ತಲೆ ತಿರುಗಿ ಆಡಿದ ಮಾತು ಎಂದುಕೊಂಡಿದ್ದೆ. ಆಗ ಅವರಿಗೆ ಐವತ್ತು ದಾಟಿತ್ತು. ಕಾರು ಓಡಿಸಲು ಬಾರದು, ರೇಡಿಯೋ ಸ್ಟೇಷನ್ನು ಕೂಡ ನಾನೇ ಹುಡುಕಿಕೊಡಬೇಕು. ಆದರೆ ಅವರು ಹಿಡಿದ ಪಟ್ಟು ಬಿಡುವವರಲ್ಲ. ಪ್ರಕಾಶಕ ಬಂದು ಗೋಗರೆದ, ಗೆಳತಿಯರು ಬೆನ್ನ ಹಿಂದೆ ನಕ್ಕರು. ಕೊನೆಗೆ ಲಾಂಬ್ಲಾರ್ ಎಂಬ ನಿರ್ಮಾಪಕ ಸಿಕ್ಕಿದ. ಅವನಿಗೆ ಕತೆ ಮುಖ್ಯವಲ್ಲ, ಪೋಸ್ಟರಿನ ಮೇಲೆ ಮದಾಮ್ ವೆರ್ನೇ ಹೆಸರು ಬಿದ್ದರೆ ಸಾಕಿತ್ತು.

ಕತೆ ಇಷ್ಟು: ಬಂದರಿನ ಒಬ್ಬಳು ಮುದುಕಿ. ಮಗ ಯಾನ್ ಸಮುದ್ರಕ್ಕೆ ಹೋಗಿದ್ದಾನೆ, ದೋಣಿ ಮರಳಿಲ್ಲ. ಊರೆಲ್ಲ ಅವನು ಸತ್ತ ಅನ್ನುತ್ತದೆ, ಇವಳು ಕಾಯುತ್ತಾಳೆ. ಯಾವ ಬಂದರು ಅಂತ ಹುಡುಕಾಟ ನಡೆದಾಗ ನಾನೇ ಬಾಯಿ ಜಾರಿ ನಮ್ಮೂರಿನ ಹೆಸರು ಹೇಳಿದೆ. ಲಾಂಬ್ಲಾರ್ ಮುದುಕಿಯ ಪಾತ್ರಕ್ಕೆ ನಾಟಕದ ದೊಡ್ಡ ನಟಿಯೊಬ್ಬಳನ್ನು ಕರೆತಂದ. ಆಕೆ ಕಾರ್ಖಾನೆಯ ಬಾಗಿಲಲ್ಲಿ ಮೀನಿನ ವಾಸನೆಗೆ ಕಣ್ಣು ಮೇಲೆ ಮಾಡಿ ಬಿದ್ದಳು, ಎದ್ದವಳೇ ಸೀದಾ ರೈಲು ಹತ್ತಿದಳು.

ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ದೋಣಿ ಕಟ್ಟುವ ದಕ್ಕೆಯ ಕಡೆಯಿಂದ ಜೋರು ಬೈಗುಳ ಕೇಳಿಸಿತು. ಲೈಟು ಹೊರುವವನು ಯಾರದೋ ಬಲೆಯ ಮೇಲೆ ಕಂಬ ಊರಿದ್ದ, ಒಬ್ಬಳು ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಅವನ ಏಳು ತಲೆಮಾರನ್ನೂ ಎಬ್ಬಿಸುತ್ತಿದ್ದಳು.

"ಯಾರು ಅವರು?" ಮದಾಮ್ ಕೇಳಿದರು. ಕಣ್ಣು ಫಳಫಳ ಹೊಳೆಯುತ್ತಿದ್ದವು.

"ನಮ್ಮಮ್ಮ," ಅಂದೆ. ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

ಅಮ್ಮನ ಹೆಸರು ಕೊರಾಂತೀನ್. ಅಪ್ಪ ಹೋದ ಮೇಲೂ ಅವಳ ಮನೆ ಬಿಕೋ ಅಂದದ್ದೇ ಇಲ್ಲ. ಕಾರ್ಖಾನೆಯ ಹೆಂಗಸರ ದಂಡೇ ಅವಳ ಅಡಿಗೆಮನೆಯಲ್ಲಿ ಬಿದ್ದಿರುತ್ತಿತ್ತು. ಪಕ್ಕದ ಮನೆಯ ಫಿನಾ ಅಂತೂ ಅವಳ ನೆರಳು. ಅಮ್ಮ ಪಾದ್ರಿಯನ್ನೂ ನೀನು ಅನ್ನುವಳು, ಮೇಯರನ್ನೂ ನೀನು ಅನ್ನುವಳು. ಪ್ಯಾರಿಸ್ಸಿನ ಕಾದಂಬರಿಕಾರ್ತಿಯನ್ನು ಬಿಟ್ಟಾಳೆಯೇ?

"ಮದಾಮ್ ಕೊರಾಂತೀನ್, ನಮ್ಮ ಸಿನಿಮಾದಲ್ಲಿ ಪಾರ್ಟು ಮಾಡ್ತೀರಾ?"

"ಸಾಯೋ ಪಾರ್ಟಾದ್ರೆ ಬೇಡ. ನಂಗೆ ಪುರುಸೊತ್ತಿಲ್ಲ."

"ಸಾಯಲ್ಲ. ಕಾಯ್ತೀರಿ, ಅಷ್ಟೆ. ಮಗ ಸಮುದ್ರಕ್ಕೆ ಹೋಗಿದಾನೆ."

"ಕಾಯೋದಾ!" ಅಮ್ಮ ಫಿನಾ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯೇನೇ? ಮದುವೆ ಆದಾಗಿಂದ ನಾವು ಪುಕ್ಕಟೆ ಮಾಡಿದ್ದನ್ನ ಈ ತಾಯಿ ಕಾಸು ಕೊಟ್ಟು ಮಾಡಿಸ್ತಾಳಂತೆ!" ಮತ್ತೆ ಮದಾಮ್ ಕಡೆ ನೋಡಿ, "ಆಯ್ತು ಮಾರಾಯ್ತಿ, ಮಾಡ್ತೀನಿ. ಆದ್ರೆ ಶುಕ್ರವಾರ ಆಗಲ್ಲ, ಬಟ್ಟೆ ಒಗೆಯೋ ದಿನ. ನೀನು ಸ್ವಲ್ಪ ತಿಂದು ಮೈ ತುಂಬ್ಕೋ. ಸಿಗರೇಟು ಕಡ್ಡಿ ಥರ ಇದೀಯ," ಅಂದಳು.

ಮದಾಮ್ ನಕ್ಕರು ನೋಡಿ, ಅಷ್ಟು ವರ್ಷ ಅವರ ಜೊತೆಗಿದ್ದ ನಾನು ಆ ನಗು ಕಂಡಿರಲಿಲ್ಲ.

ಶೂಟಿಂಗು ಚೆನ್ನಾಗಿಯೇ ನಡೆಯಿತು. ಒಂದೇ ತೊಂದರೆ: ಮದಾಮ್‌ಗೆ 'ಕಟ್' ಅನ್ನಲು ನೆನಪಾಗುತ್ತಿರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಸಹಾಯಕ ನಿರ್ದೇಶಕ ಕಟ್ ಎಂದು ಕೂಗಿ ಮರ್ಯಾದೆ ಉಳಿಸುತ್ತಿದ್ದ. ಕೊನೆಯ ದೃಶ್ಯದ ದಿನ ಆ ಪುಣ್ಯಾತ್ಮನಿಗೆ ಹಲ್ಲುನೋವು. ಕೆನ್ನೆ ಊದಿಸಿಕೊಂಡು ಡಾಕ್ಟರ ಹತ್ತಿರ ಓಡಿದ.

ದೃಶ್ಯ ನಮ್ಮ ಮನೆಯ ಅಡಿಗೆಮನೆಯಲ್ಲೇ. ಜಾಗ ಎಷ್ಟು ಚಿಕ್ಕದೆಂದರೆ ನಾನು ಕ್ಯಾಮೆರಾದ ಹಿಂದೆ ಪಾತ್ರೆ ಬೀರುವಿಗೂ ಗೋಡೆಗೂ ನಡುವೆ ಸಿಕ್ಕಿಹಾಕಿಕೊಂಡಿದ್ದೆ. ಕ್ಯಾಮೆರಾದ ಆರ್ಮಾಂ ಸರಿದರೆ ಮಾತ್ರ ನನಗೆ ಬಿಡುಗಡೆ. ಅಮ್ಮ ಕಿಟಕಿಯ ಹತ್ತಿರ ನಿಂತು, ಹೊರಗೆ ನೋಡಿ, ಕೊನೆಯ ಮಾತು ಹೇಳಬೇಕು. ಹೇಳಿದಳು.

"ಗಾಳಿ ತಿರುಗ್ತು. ಇನ್ನು ಬರ್ತಾನೆ."

"ಪ್ವಾಂ," ಅಂದರು ಮದಾಮ್, ಮೆಲ್ಲಗೆ, ಕಾದಂಬರಿ ಮುಗಿಸಿದ ಹಾಗೆ.

ನೋಡಿ, ನಮ್ಮ ದೇಶದಲ್ಲೇ ಆಗಬಹುದಾದ ಎಡವಟ್ಟು ಇದು. ಕ್ಯಾಮೆರಾದವರ ಬಾಯಲ್ಲಿ ಅದೇ ಪದಕ್ಕೆ ಫೋಕಸ್ ಎಂದು ಅರ್ಥ. ಆರ್ಮಾಂಗೆ ಎದೆ ಧಸಕ್ಕೆಂದಿತು: ಅಯ್ಯೋ, ಚಿತ್ರ ಮಸುಕಾಗಿದೆ ಅಂತ ನಿರ್ದೇಶಕಿ ಗದರುತ್ತಿದ್ದಾರೆ! ಆತ ಕ್ಯಾಮೆರಾ ನಿಲ್ಲಿಸಲಿಲ್ಲ. ಉಸಿರು ಬಿಗಿಹಿಡಿದು, ಅಮ್ಮ ಎತ್ತ ಸರಿದರೆ ಅತ್ತ ಅವಳ ಮುಖವನ್ನು ತಿದ್ದಿ ತಿದ್ದಿ ನಿಚ್ಚಳವಾಗಿ ಹಿಡಿದ. ಇತ್ತ ಅಮ್ಮ ಸನ್ಯಾಸಿನಿಯರ ಕೈಯಲ್ಲಿ ಏಟು ತಿಂದು ಕಲಿತವಳು. ಪ್ವಾಂ ಎಂದದ್ದೇ ತಡ, ಕಾಯುವ ಮುದುಕಿಯನ್ನು ಅಲ್ಲೇ ಕಿಟಕಿಯ ಹತ್ತಿರ ಬಿಟ್ಟು ಅಮ್ಮನಾಗಿ ಈ ಕಡೆ ಬಂದಳು.

ಒಲೆಯ ಮೇಲಿದ್ದ ಕಾಫಿ ಕೆಟಲು ಎತ್ತಿ ನನ್ನ ಬಟ್ಟಲಿಗೆ ಬಗ್ಗಿಸಿದಳು. ಬ್ರೆಡ್ಡನ್ನು ಎದೆಗೆ ಒತ್ತಿ ಹಿಡಿದು ಒಂದು ಹೋಳು ಕೊಯ್ದಳು. ಉಪ್ಪು ಬೆಣ್ಣೆಯನ್ನು ಅಂಚಿನವರೆಗೂ ಮೆತ್ತಿದಳು. ಅಂಚು ಬೋಳಾಗಿ ಬಿಡುವುದು ಅವಳ ಪಾಲಿಗೆ ಪಾಪ. ಬಟ್ಟಲನ್ನು ಮೇಜಿನ ಈಚೆ ತಳ್ಳಿ, ತಲೆಯೆತ್ತಿ, ಕ್ಯಾಮೆರಾದ ಹಿಂದಿದ್ದ ನನ್ನನ್ನು ನೋಡಿದಳು.

"ರೇಮೋಂದ್," ಅಂದಳು. "ಬಾ. ಬೆಳಗ್ಗಿಂದ ಏನೂ ತಿಂದಿಲ್ಲ ನೀನು. ಮುಖ ನೋಡು, ಒಣಗಿದ ಬಂಗುಡೆ ಥರ ಆಗಿದೆ. ಬಾ, ಕಾಫಿ ಆರೋಗುತ್ತೆ."

ಬೀರುವಿನ ಸಂದಿಯಿಂದ ಹೇಗೆ ಹೋಗಲಿ? ನಾನು ಕೈಯಾಡಿಸಿದೆ. ಅವಳು ಬಟ್ಟಲಿನ ಮೇಲೆ ಅಂಗೈ ಮುಚ್ಚಿ, ಬಿಸಿ ಆರದ ಹಾಗೆ ಹಿಡಿದು, ಸುಮ್ಮನೆ ನೋಡುತ್ತಾ ನಿಂತಳು.

ಕೊನೆಗೆ ಆರ್ಮಾಂ ಬೆವರು ಒರೆಸಿಕೊಂಡು, "ಮದಾಮ್, ಈಗ ಫೋಕಸ್ ಸರಿ ಇದೆಯಾ?" ಅಂದ.

"ಯಾವ ಫೋಕಸ್ಸು? ನಾನು ಆವಾಗ್ಲೇ ಮುಗೀತು ಅಂದ್ನಲ್ಲ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. "ಇಷ್ಟು ದೊಡ್ಡ ಗಂಡಸು, ಪ್ವಾಂ ಅಂದ್ರೆ ಏನೂಂತ ಗೊತ್ತಿಲ್ವಲ್ಲೋ!" ಅಂದಳು ಅಮ್ಮ. "ಯಾವ ಶಾಲೆಗೆ ಮಣ್ಣು ಹೊರೋಕೆ ಹೋಗಿದ್ದೆ?" ನಾನು ಸಂದಿಯಿಂದ ಹೊರಬರುವಷ್ಟರಲ್ಲಿ ಆ ಬ್ರೆಡ್ಡನ್ನು ಆರ್ಮಾಂ ತಿಂದು ಮುಗಿಸಿದ್ದ. ನಾವು ಆ ಸಂಜೆಯೇ ಪ್ಯಾರಿಸ್ಸಿಗೆ ಹೊರಟೆವು.

ಆ ಚಳಿಗಾಲದಲ್ಲಿ ಅಮ್ಮನಿಗೆ ಕಫ ಕಟ್ಟಿತು. ಫಿನಾ ಫೋನು ಮಾಡಿಸಿ ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಯುವ ಪಾರ್ಟು ಬೇಡ ಅಂದವಳು ಯಾರಿಗೂ ಹೇಳದೆ ಮಾಡಿಬಿಟ್ಟಳು. ಮನೆಯಲ್ಲಿ ಅವಳದೊಂದು ಮದುವೆಯ ಫೋಟೋ ಬಿಟ್ಟರೆ ಏನೂ ಇರಲಿಲ್ಲ. ಅದರಲ್ಲಿ ಅವಳು ಅವಳ ಹಾಗೇ ಇಲ್ಲ, ಇಸ್ತ್ರಿ ಹಾಕಿದ ಬಟ್ಟೆಯ ಹಾಗಿದ್ದಾಳೆ. ಅದನ್ನೇ ಚೀಲದಲ್ಲಿಟ್ಟುಕೊಂಡು ಮರಳಿದೆ. ರೈಲಿನಲ್ಲಿ ಕೂತು ಅವಳ ದನಿ ನೆನೆಸಿಕೊಳ್ಳಲು ನೋಡಿದೆ. ಮಾತುಗಳು ನೆನಪಾಗುತ್ತಿದ್ದವು, ದನಿ ಬರುತ್ತಿರಲಿಲ್ಲ.

ಸಿನಿಮಾ ಆಗ ಸಂಕಲನದ ಕೋಣೆಯಲ್ಲಿತ್ತು. ಮದಾಮ್ ಜೊತೆ ನಾನೂ ಅಲ್ಲಿಗೆ ಹೋದೆ. ಸಂಕಲನಕಾರ್ತಿ ಜಿಲ್ಬೆರ್ತ್ ಬಿಳಿ ಕೈಗವಸು ಹಾಕಿಕೊಂಡು ಫಿಲ್ಮು ಜೋಡಿಸುತ್ತಿದ್ದಳು. ಅಡಿಗೆಮನೆಯ ಆ ಎಡವಟ್ಟಿನ ತುಣುಕನ್ನು ನಾನು ಮರೆತೇಬಿಟ್ಟಿದ್ದೆ. ಪುಸ್ತಕದ ಅಗಲದ ಪರದೆಯ ಮೇಲೆ ಅಮ್ಮ ಕಿಟಕಿಯಿಂದ ತಿರುಗಿದಳು, ಕಾಫಿ ಬಗ್ಗಿಸಿದಳು, "ರೇಮೋಂದ್, ಬಾ" ಅಂದಳು.

ಮದಾಮ್ ನನ್ನ ತೋಳು ಹಿಡಿದು ಕೂರಿಸಿದರು. ಜಿಲ್ಬೆರ್ತ್ ಏನೂ ಕೇಳದೆ ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು. ಅಮ್ಮ ಮತ್ತೆ ಕರೆದಳು. ಅದೇ ದನಿ, ಸ್ವಲ್ಪ ಒರಟು, ಕೊನೆಯಲ್ಲಿ ಒಂಚೂರು ಮೇಲೆ ಹೋಗುವ ದನಿ. ಮದಾಮ್ ನನ್ನ ಬೆನ್ನು ಸವರುತ್ತಾ, "ಇದೇ ಕೊನೆ. ಸಿನಿಮಾ ಇಲ್ಲಿಗೇ ಮುಗೀಬೇಕು," ಅಂದರು.

ಮರುದಿನ ಲಾಂಬ್ಲಾರ್ ಬಂದು ನೋಡಿದ.

"ಚೆನ್ನಾಗಿದೆ. ಆದ್ರೆ ಮದಾಮ್, ಯಾರೀ ರೇಮೋಂದ್?" ಅಂದ. "ಮಗನ ಹೆಸರು ಯಾನ್. ಇಡೀ ಸಿನಿಮಾ ಯಾನ್ ಯಾನ್ ಅಂತ ಕಾದ್ಬಿಟ್ಟು ಕೊನೇಲಿ ಯಾವಳೋ ರೇಮೋಂದ್‌ಗೆ ಕಾಫಿ ಕೊಟ್ರೆ ಜನ ತಲೆ ಕೆರ್ಕೊಳಲ್ವಾ? ಗಾಳಿ ತಿರುಗ್ತು ಅಂದ್ಮೇಲೆ ಕತ್ತರಿ ಹಾಕಿ. ಇಲ್ದಿದ್ರೆ ನಾನು ಬಿಡುಗಡೆ ಮಾಡಲ್ಲ, ಖಂಡಿತ ಹೇಳ್ತೀನಿ."

ಅವನು ಹೋದ ಮೇಲೆ ಮದಾಮ್ ಕಿಟಕಿಯ ಕಡೆ ಮುಖ ಮಾಡಿ, "ಅವನ ಮಾತು ಸರೀನೇ. ಕತೆಗೆ ಕೂರಲ್ಲ," ಅಂದರು.

ನನ್ನ ನೆತ್ತಿಗೇರಿತು. "ಕತೆ! ಇಷ್ಟು ವರ್ಷ ನಿಮ್ಮ ಕತೆಗೆ ಬೆರಳು ಸವೆಸಿದೀನಿ. ನಮ್ಮಮ್ಮ ಒಂದ್ ಗಳಿಗೆ ಕೂರೋಕೆ ಅಲ್ಲಿ ಜಾಗ ಇಲ್ವಾ? ಇದ್ದದ್ದೊಂದು ದನಿ. ಅದನ್ನೂ ಗುಡಿಸಿ ಹಾಕ್ತೀರಾ?"

ಜಿಲ್ಬೆರ್ತ್ ಮೆಲ್ಲಗೆ, "ಆ ತುಂಡು ನಿನಗೇ ಕೊಡ್ತೀನಿ ಕಣೇ," ಅಂದಳು. ತೆಗೆದುಕೊಂಡು ಏನು ಮಾಡಲಿ? ಚಿತ್ರ ಒಂದು ಸುರುಳಿಯಲ್ಲಿ, ದನಿ ಇನ್ನೊಂದರಲ್ಲಿ. ಕಿಟಕಿಗೆ ಹಿಡಿದರೆ ಉಗುರಿನಷ್ಟು ಅಮ್ಮ ಮೂಕಿಯಾಗಿ ಕಾಣುತ್ತಾಳೆ. ನನ್ನ ಮನೆಯಲ್ಲಿ ಯಂತ್ರ ಎಲ್ಲಿದೆ? ಚಿತ್ರಮಂದಿರದಲ್ಲಿ ಓಡಿದರೆ ಮಾತ್ರ ಅವಳು ಉಳಿಯುತ್ತಾಳೆ, ಇಲ್ಲದಿದ್ದರೆ ಹೋದಳು. ಕೋಟು ಎತ್ತಿಕೊಂಡು ಬಾಗಿಲು ದಡಾರನೆ ಹಾಕಿ ನನ್ನ ಬಾಡಿಗೆ ಕೋಣೆಗೆ ಬಂದೆ.

ಬೆಳಗ್ಗೆ ಹೋಗುವುದೇ ಬೇಡ ಅಂದುಕೊಂಡಿದ್ದೆ, ಕಾಲು ಕೇಳಲಿಲ್ಲ. ಮದಾಮ್ ಆಗಲೇ ಬಂದು ಕೋಣೆಯಲ್ಲಿ ಓಡಾಡುತ್ತಿದ್ದರು, ಕಾದಂಬರಿ ಹೇಳುವಾಗಿನ ಹಾಗೆ. ನೆಲದ ತುಂಬ ಸಿಗರೇಟು ಬೂದಿ.

"ಆ ಮಗನಿಗೆ ಯಾನ್ ಅಂತ ಯಾಕೆ ಹೆಸರಿಟ್ಟೆ ನಾನು?" ಅಂದರು.

"ಬ್ರಿಟನಿಯವನು ಅಂತ," ಗಂಟುಮುಖದಲ್ಲೇ ಹೇಳಿದೆ.

"ಹೆತ್ತವಳು ನಾನು. ಹೆಸರು ಬದಲಾಯಿಸ್ಬೋದಲ್ಲ? ಸಿನಿಮಾದಲ್ಲಿ ಅವನ ಹೆಸರು ಹೇಳೋರು ಪಾದ್ರಿ, ಅಂಚೆಯವನು, ಅವನ ಹುಡುಗಿ, ಅಷ್ಟೆ. ನಿಮ್ಮಮ್ಮ ಎಲ್ಲೂ ಹೇಳಿಲ್ಲ. ಮೂರೂ ಜನರನ್ನ ಕರೆಸಿ ಆ ಹೆಸರಷ್ಟೇ ಹೊಸದಾಗಿ ಹೇಳಿಸೋದು. ಅವನು ಯಾನ್ ಅಲ್ಲ." ಅವರು ನನ್ನ ಎದುರು ಬಂದು ನಿಂತರು. "ರೇಮೋಂ."

ಜಿಲ್ಬೆರ್ತ್ ಕೈ ನಿಂತುಹೋಯಿತು. ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮಗ ರೇಮೋಂ ಆದರೆ, ಅಮ್ಮ ಕರೆದದ್ದು ಅವನನ್ನು. ಬಟ್ಟಲು ತಳ್ಳಿದ್ದು ಅವನಿಗೆ. ಬಾರದವನಿಗೆ ಬೆಣ್ಣೆ ಮೆತ್ತಿ, ಕಾಫಿ ಆರದ ಹಾಗೆ ಅಂಗೈ ಮುಚ್ಚಿ ನಿಂತ ತಾಯಿ. ಹೆಣ್ಣೋ ಗಂಡೋ ಎಂದು ತೋರಿಸುವ ಒಂದು ಪದವೂ ಅವಳ ಮಾತಿನಲ್ಲಿ ಇರಲಿಲ್ಲ, ನನ್ನ ಹೆಸರಿನ ಬಾಲ ಒಂದನ್ನು ಬಿಟ್ಟು.

"ನಿನ್ನ ಹೆಸರಿಂದ ಒಂದು ಅಕ್ಷರ ನಂಗೆ ಕೊಡ್ತೀಯಾ ರೇಮೋಂದ್?" ಅಂದರು ಮದಾಮ್.

ನೀನು ಅಂದರು. ಅದೇ ಮೊದಲು. ಅಷ್ಟು ವರ್ಷ ನಾವಿಬ್ಬರೂ ನೀವು ನೀವು ಎನ್ನುತ್ತಲೇ ಒಂದೇ ಮೇಜಿನಲ್ಲಿ ಉಂಡಿದ್ದೆವು.

ಕೊಡುವುದು ಸುಲಭ ಎಂದುಕೊಳ್ಳಬೇಡಿ. ಅಮ್ಮ ಕರೆದದ್ದು ನನ್ನನ್ನು. ಆ ಮುಖ ನನಗೊಬ್ಬಳಿಗೇ ಇದ್ದ ಮುಖ. ಇನ್ನು ಲೋಕದಲ್ಲಿ ಎಲ್ಲಿ ಈ ಸಿನಿಮಾ ಓಡಿದರೂ ಅವಳು ಹುಟ್ಟೇ ಇಲ್ಲದ ಯಾವನೋ ಮಗನನ್ನು ಕರೆಯುತ್ತಾಳೆ, ನಾನು ಕತ್ತಲೆಯಲ್ಲಿ ಕೂತು ನೋಡಬೇಕು. ಆ ಮೀನುಗಾರನ ಮೇಲೆ ನನಗೆ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಆಮೇಲೆ ಅವಳನ್ನೇ ನೆನೆದೆ. ನಮ್ಮ ಅಡಿಗೆಮನೆಗೆ ಯಾವನೇ ಬಂದರೂ ಅವಳು ಉಪವಾಸ ಕಳಿಸಿದವಳಲ್ಲ.

"ತಗೊಳ್ಳಿ," ಅಂದೆ. "ಅವನಿಗೂ ಹಸಿವಾಗಿರುತ್ತೆ."

ಜಿಲ್ಬೆರ್ತ್ ದನಿಯ ಕಂದು ಪಟ್ಟಿಯನ್ನು ಕೈಯಲ್ಲೇ ಹಿಂದೆ ಮುಂದೆ ಎಳೆದು ಕಿವಿಗೊಟ್ಟಳು. ಅಮ್ಮನ ದನಿ ನಿಧಾನವಾಗಿ, ಗುಡಾಣದೊಳಗಿಂದ ಬಂದ ಹಾಗೆ, ಮೋಂ... ದ್, ಮೋಂ... ದ್ ಅನ್ನುತ್ತಿತ್ತು. ಹಳದಿ ಪೆನ್ಸಿಲಿನಿಂದ ಗುರುತು ಹಾಕಿ ಕತ್ತರಿಸಿದಳು. ನನ್ನ 'ದ್' ಕತ್ತರಿಸಿದ ಉಗುರಿನ ಚೂರಿನ ಹಾಗೆ ಮೇಜಿನ ಮೇಲೆ ಬಿತ್ತು. ಮದಾಮ್ ತಮ್ಮ ಬೆಂಕಿಪೊಟ್ಟಣದ ಕಡ್ಡಿಗಳನ್ನೆಲ್ಲ ಕೋಟಿನ ಜೇಬಿಗೆ ಸುರಿದುಕೊಂಡು, ಆ ಚೂರನ್ನು ಪೊಟ್ಟಣದೊಳಗಿಟ್ಟು ನನ್ನ ಕೈಗೆ ಕೊಟ್ಟರು. "ಇದು ನಿನ್ನದು," ಅಂದರು. ಆ ಪೊಟ್ಟಣ ಈಗಲೂ ನನ್ನ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಇದೆ. ಮಫ್ಲರಿನವರು ಸಿಗರೇಟು ಹಚ್ಚಲು ಅದಕ್ಕೇ ಕೈ ಹಾಕುತ್ತಾರೆ, ನಾನು ಬೈದು ಕಿತ್ತುಕೊಳ್ಳುತ್ತೇನೆ.

ನಟರು ಬಂದು ಹೆಸರು ಬದಲಾಯಿಸಿ ಹೇಳಿ ಹೋದರು. ಅಂಚೆಯವನ ಬಾಯಿ ಒಂದು ಕಡೆ ಹೆಸರು ಮುಗಿಯುವ ಮೊದಲೇ ಮುಚ್ಚಿಕೊಳ್ಳುತ್ತದೆ. ದಪ್ಪ ಪುಸ್ತಕ ಬರೆದವನಿಗೂ ಅದು ಕಂಡಿಲ್ಲ. ಲಾಂಬ್ಲಾರ್ ಇನ್ನೊಮ್ಮೆ ನೋಡಿದ. ದೀಪ ಹಾಕಿದಾಗ ಮೂಗು ಒರೆಸುತ್ತಾ, "ನಾನು ಮೊದಲೇ ಹೇಳಲಿಲ್ವಾ, ಇದೇ ಕೊನೆ ಅಂತ?" ಅಂದ. ನಾವು ಮೂವರು ಹೆಂಗಸರೂ ಹೌದೌದು ಅಂದೆವು.

ಮುಂದೆ ಮದಾಮ್ ಎಷ್ಟು ಸಿನಿಮಾ ಮಾಡಿದರೂ ಆರ್ಮಾಂನನ್ನೇ ಕರೆದರು. ಮಾತು ಮುಗಿದ ಮೇಲೆ ಬೇಕೆಂದೇ "ಪ್ವಾಂ" ಅನ್ನುವರು, ಆತ ಬೇಕೆಂದೇ ಕ್ಯಾಮೆರಾ ನಿಲ್ಲಿಸುತ್ತಿರಲಿಲ್ಲ. ನಟರು ಪಾತ್ರ ಬಿಟ್ಟು ಮನುಷ್ಯರಾಗುವ ಆ ಗಳಿಗೆಗೆ ಇಬ್ಬರೂ ಕಾದು ಕೂರುವರು. "ಕಾಯೋದನ್ನ ನನಗೆ ಕಲಿಸಿದ್ದು ನಿಮ್ಮಮ್ಮ ನೋಡಿ," ಎಂದು ಆಗಾಗ ಹೇಳುತ್ತಿದ್ದರು. ನೋಡಿ ಅಂದರು, ನೋಡು ಅಲ್ಲ. ಮರುದಿನದಿಂದಲೇ ನಾವು ನೀವು ನೀವಿಗೆ ಮರಳಿದ್ದೆವು, ಇಬ್ಬರಿಗೂ ಅದೇ ಹಿತ. ಆ ಒಂದು ದಿನದ ನೀನು ನನಗೆ ಜನ್ಮಕ್ಕಾಗುವಷ್ಟು ಸಾಕಾಯಿತು.

ಸಿನಿಮಾ ಮೊದಲು ತೋರಿಸಿದ್ದು ಪ್ಯಾರಿಸ್ಸಿನಲ್ಲಲ್ಲ, ನಮ್ಮೂರ ಇಗರ್ಜಿಯ ಸಭಾಂಗಣದಲ್ಲಿ. ಮದಾಮ್ ಹಟ ಹಿಡಿದು ಮಾಡಿಸಿದರು. ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಹೆಂಗಸರೆಲ್ಲ ಗಂಜಿ ಹಾಕಿದ ಬಿಳಿ ಟೊಪ್ಪಿಗೆ ತೊಟ್ಟು ಮುಂದಿನ ಸಾಲುಗಳಲ್ಲಿ ಕೂತರು. ಹಿಂದಿನವರು "ಟೊಪ್ಪಿಗೆ ತೆಗೀರೇ, ಪರದೆ ಕಾಣಲ್ಲ" ಎಂದು ಬೊಬ್ಬೆ ಹಾಕಿದರು. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೆಸರು ಕಳೆದುಕೊಂಡ ಆ ಕರೆಯನ್ನು ಊರವರ ನಡುವೆ ಕೂತು ಹೇಗೆ ಕೇಳಲಿ? ಕೋಟಿನ ಜೇಬಿನಲ್ಲಿ ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಮದಾಮ್ ಪಕ್ಕ ಕೂತೆ.

ಅಮ್ಮ ಪರದೆಯ ಮೇಲೆ ಬಂದಾಗಲೆಲ್ಲ ಜನ ಮಾತಾಡಿದರು. "ನೋಡೇ, ನನ್ನ ಶಾಲು ಹೊದ್ದಿದಾಳೆ." "ನಡಿಗೆ ನೋಡು, ಮಂಡಿ ನೋವು ಮುಚ್ಚಿಡ್ತಿದಾಳೆ." ಆಮೇಲೆ ಆ ಕಿಟಕಿ ಬಂತು. ಗಾಳಿ ತಿರುಗಿತು. ಅಮ್ಮ ಈ ಕಡೆ ಬಂದಳು, ಕಾಫಿ ಬಗ್ಗಿಸಿದಳು, ಬೆಣ್ಣೆ ಮೆತ್ತಿದಳು. ಗೋಡೆಯಷ್ಟು ದೊಡ್ಡ ಅಮ್ಮ ತಲೆಯೆತ್ತಿ ನೋಡಿದಳು.

"ರೇಮೋಂ," ಅಂದಳು.

"ದ್!"

ಮುಂದಿನ ಸಾಲಿನಿಂದ ಬಂತು ಕೂಗು. ಫಿನಾ ಎದ್ದು ನಿಂತಿದ್ದಳು, ಟೊಪ್ಪಿಗೆಯ ನೆರಳು ಅಮ್ಮನ ಬಟ್ಟಲಿನ ಮೇಲೆ ಬಿದ್ದಿತ್ತು. "ರೇಮೋಂದ್ ಅಂತಾಳೆ ಅವಳು! ಮಗು ಹುಟ್ಟಿದಾಗಿಂದ ಗೋಡೆ ಆಚೆಯಿಂದ ಕೇಳಿದೀನಿ, ನಂಗೊತ್ತಿಲ್ವಾ? ದ್ ಯಾರೋ ನುಂಗಿದ್ದು?"

"ಹೌದೌದು, ರೇಮೋಂದ್!" ಇನ್ನೊಬ್ಬಳು. "ಮಗಳನ್ನ ಕರೀತಿರೋದು!" ಮತ್ತೊಬ್ಬಳು. ಆಮೇಲೆ ಸಾಲಿಗೆ ಸಾಲೇ ಹಿಂದಕ್ಕೆ ತಿರುಗಿ, ನಾನು ಎಲ್ಲಿದ್ದೇನೆಂದು ಹುಡುಕಿ, "ರೇಮೋಂದ್! ರೇಮೋಂದ್!" ಎಂದು ಕರೆಯತೊಡಗಿತು. ಪರದೆಯ ಮೇಲೆ ಅಮ್ಮ ಬಾ ಅನ್ನುತ್ತಿದ್ದಳು, ಒಣಗಿದ ಬಂಗುಡೆ ಅನ್ನುತ್ತಿದ್ದಳು, ಕೆಳಗೆ ಊರಿಗೆ ಊರೇ ನನ್ನ ಹೆಸರನ್ನು ಪೂರ್ತಿ ಮಾಡುತ್ತಿತ್ತು. ನಗುವೋ ಅಳುವೋ ಬಂದುಬಿಟ್ಟಿತು, ತಡೆಯಲಾಗಲಿಲ್ಲ. ಮದಾಮ್ ನನ್ನ ಕೈ ಹಿಡಿದುಕೊಂಡರು.

ದೀಪ ಹತ್ತಿದ ಕೂಡಲೇ ಫಿನಾ ಬೆಂಚುಗಳನ್ನು ದಾಟಿಕೊಂಡು ನನ್ನ ಹತ್ತಿರ ಬಂದಳು. ಕೈಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ತೆಗೆದಳು, ಉಪ್ಪು ಬೆಣ್ಣೆ ಅಂಚಿನವರೆಗೂ ಮೆತ್ತಿದ್ದು. ಸಂಜೆ ಹಸಿವಾದರೆ ತಿನ್ನಲು ಅವಳು ತನಗೆಂದು ತಂದುಕೊಂಡಿದ್ದು.

"ತಿನ್ನು."

"ಫಿನಾ ಚಿಕ್ಕಮ್ಮ, ಇಷ್ಟು ಜನರ ಮುಂದೆ ಈಗ ಹೇಗೆ..."

"ಹೇಗೆ ಅಂದ್ರೆ? ಕಿವಿ ಕೇಳಿಸಲ್ವಾ ನಿಂಗೆ? ಊರೆಲ್ಲಾ ಕೇಳಿಸ್ಕೊಂಡಿದೆ. ನಿಮ್ಮಮ್ಮ ಕರೀತಿದಾಳಲ್ಲ."

ಅಲ್ಲೇ, ಎಲ್ಲರ ಮುಂದೆ, ಮೂಗು ಸೋರಿಸಿಕೊಂಡು ತಿಂದೆ. ಮದಾಮ್ ಸುಮ್ಮನೆ ಕೈ ಚಾಚಿದರು. ಅರ್ಧ ಮುರಿದು ಅವರಿಗೂ ಕೊಟ್ಟೆ.